ಬೆರ್ಚಪ್ಪನ ಹಳೆ ಅಂಗಿ

(ಇದು ವನ್ಯಜೀವಿ ರಕ್ಷಣೆಯ ಸ್ವಯಂಸೇವಕರ ಬಗ್ಗೆ ಕೊಟ್ಟ ಒಂದು ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಗೆ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದು ಹರಕು ಅಂಗಿಯ ಕತೆಯಿಂದ ಶುರು ಮಾಡುತ್ತೇನೆ.

ಉಗಾಂಡದ ನೈಋತ್ಯ ಮೂಲೆಯಲ್ಲಿ ಬ್ವಿಂಡಿ ಅಂತ ಒಂದು ಕಾಡಿದೆ. ದೊಡ್ಡದೇನಲ್ಲ, ಮುನ್ನೂರು ಚದರ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಕಡಿದಾದ ಬೆಟ್ಟ, ಒತ್ತೊತ್ತಾದ ಮರ, ಸದಾ ತೇವ. ಜಗತ್ತಿನಲ್ಲಿ ಉಳಿದಿರುವ ಪರ್ವತ ಗೊರಿಲ್ಲಾಗಳು ಸಾವಿರ ಚಿಲ್ಲರೆ. ಅದರಲ್ಲಿ 459 ಇಲ್ಲೇ ಇವೆ ಎಂದು 2018ರ ಗಣತಿ ಹೇಳಿತು. ಕಾಡು ಎಲ್ಲಿ ಮುಗಿಯುತ್ತದೋ ಅಲ್ಲೇ ಹೊಲ ಶುರು. ನಡುವೆ ಬಯಲೂ ಇಲ್ಲ, ಬೇಲಿಯೂ ಇಲ್ಲ. ಹಾಗಾಗಿ ಗೊರಿಲ್ಲಾಗಳು ಬಾಳೆ ತೋಟಕ್ಕೆ ಇಳಿಯುತ್ತವೆ. ಬಾಳೆಗಿಡ ಸಿಗಿದು ಒಳಗಿನ ದಿಂಡು ತಿನ್ನುತ್ತವೆ. ಒಂದು ಗುಂಪು ಒಂದು ಬೆಳಗ್ಗೆ ಬಂದು ಹೋದರೆ ಆ ತೋಟದ ಕತೆ ಮುಗಿದಂತೆ.

ರೈತ ಏನು ಮಾಡಬೇಕು? ಎಲ್ಲ ಕಡೆ ರೈತ ಮಾಡುವುದನ್ನೇ ಮಾಡಿದ. ಎರಡು ಕೋಲು ಕಟ್ಟಿ ಬೆರ್ಚಪ್ಪನನ್ನು ನಿಲ್ಲಿಸಿದ. ಬೆರ್ಚಪ್ಪನಿಗೆ ಹೊಸ ಬಟ್ಟೆ ಯಾರು ಹಾಕುತ್ತಾರೆ? ಮನೆಯಲ್ಲಿ ಉಟ್ಟು ಹರಿದದ್ದನ್ನೇ ತೊಡಿಸಿದ.

1996ರಲ್ಲಿ ಗೊರಿಲ್ಲಾಗಳ ಒಂದು ಗುಂಪಿನಲ್ಲಿ ಕೂದಲು ಉದುರತೊಡಗಿತು. ಚರ್ಮದ ಮೇಲೆ ಬಿಳಿ ಹಕ್ಕಳೆ. ಕೆರೆದು ಕೆರೆದು ಪ್ರಾಣಿಗಳು ಸೊರಗಿದವು. ಒಂದು ಮರಿ ಸತ್ತೂ ಹೋಯಿತು. ನೋಡಲು ಹೋದವರು ಗ್ಲ್ಯಾಡಿಸ್ ಕಲೆಮಾ-ಜಿಕುಸೋಕಾ. ಉಗಾಂಡದ ವನ್ಯಜೀವಿ ಇಲಾಖೆಗೆ ಸೇರಿದ ಮೊದಲ ಪಶುವೈದ್ಯೆ, ಆಗಿನ್ನೂ ಚಿಕ್ಕ ವಯಸ್ಸು. ಅವರು ಒಂದು ಜಾಣ ಕೆಲಸ ಮಾಡಿದರು. ಮನುಷ್ಯರ ಡಾಕ್ಟರೊಬ್ಬರ ಹತ್ತಿರ ಹೋಗಿ, ಇಲ್ಲಿನ ಜನರಲ್ಲಿ ಯಾವ ಚರ್ಮರೋಗ ಜಾಸ್ತಿ ಎಂದು ಕೇಳಿದರು. ಕಜ್ಜಿ ಎಂಬ ಉತ್ತರ ಬಂತು. ಗೊರಿಲ್ಲಾಗಳಿಗೂ ಅದೇ. ಐವರ್‌ಮೆಕ್ಟಿನ್ ಮದ್ದು ಕೊಟ್ಟ ಮೇಲೆ ಉಳಿದವು ಚೇತರಿಸಿಕೊಂಡವು. ಕಜ್ಜಿಯ ಹುಳ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದಾಗ ಬೆರಳು ತೋರಿದ್ದು ಆ ಬೆರ್ಚಪ್ಪನ ಅಂಗಿಯ ಕಡೆಗೆ. ಗೊರಿಲ್ಲಾ ಹತ್ತಿರ ಬಂದು ಅದನ್ನು ಮುಟ್ಟಿ ನೋಡಿರುತ್ತದೆ. ಕುತೂಹಲದ ಪ್ರಾಣಿ ಅಲ್ವಾ?

ಇಲ್ಲಿಂದ ಎರಡು ದಾರಿಗಳಿದ್ದವು. ಬೆರ್ಚಪ್ಪನನ್ನು ನಿಷೇಧಿಸುವುದು ಒಂದು. ಅಂಗಿ ಬಿಚ್ಚಿಟ್ಟವನ ಮೈಯ ಕಜ್ಜಿ ವಾಸಿ ಮಾಡುವುದು ಇನ್ನೊಂದು. ಕಲೆಮಾ-ಜಿಕುಸೋಕಾ ಎರಡನೆಯದನ್ನು ಹಿಡಿದರು. 2003ರಲ್ಲಿ ‘ಕನ್ಸರ್ವೇಷನ್ ಥ್ರೂ ಪಬ್ಲಿಕ್ ಹೆಲ್ತ್’ ಎಂಬ ಸಂಸ್ಥೆ ಕಟ್ಟಿದರು. ಹೆಸರೇ ಹೇಳುವಂತೆ, ಜನರ ಆರೋಗ್ಯದ ಮೂಲಕ ಕಾಡಿನ ರಕ್ಷಣೆ. ಊರಿನವರನ್ನೇ ಆರಿಸಿ ತಂಡ ಮಾಡಿದರು. ಈ ತಂಡದವರು ಮನೆಮನೆಗೆ ಹೋಗುತ್ತಾರೆ. ಕೈ ತೊಳೆಯಲು ನೀರಿದೆಯಾ, ಕಕ್ಕಸು ಇದೆಯಾ, ಯಾರಿಗಾದರೂ ಬಿಡದ ಕೆಮ್ಮು ಇದೆಯಾ, ಎಷ್ಟು ಮಕ್ಕಳು ಸಾಕು ಅಂತ ಗಂಡ ಹೆಂಡತಿ ಮಾತಾಡಿಕೊಂಡಿದ್ದಾರಾ ಎಂದೆಲ್ಲ ವಿಚಾರಿಸುತ್ತಾರೆ. ಅದೇ ಉಸಿರಿಗೆ, ತೋಟಕ್ಕೆ ಗೊರಿಲ್ಲಾ ಬಂದಿತ್ತಾ ಅಂತಲೂ ಕೇಳಿ ಬರೆದುಕೊಳ್ಳುತ್ತಾರೆ. ಇವರಿಗೆ ಸಂಬಳವಿಲ್ಲ. ಗುಂಪಿಗೆ ಸೇರಿದ ಆಡು, ಹಸು ಸಾಕುವುದಕ್ಕೆ ನೆರವು ಸಿಗುತ್ತದೆ, ಅಷ್ಟೆ. ಇವರಲ್ಲದೆ ಇನ್ನೊಂದು ತಂಡವಿದೆ. ತೋಟಕ್ಕೆ ಇಳಿದ ಗೊರಿಲ್ಲಾಗಳನ್ನು ಗಾಯ ಮಾಡದೆ, ರೇಗಿಸದೆ, ಮೆಲ್ಲಗೆ ಕಾಡಿನ ಕಡೆಗೆ ಅಟ್ಟುವುದು ಅವರ ಕೆಲಸ. ಆಳೆತ್ತರದ ಗಂಡು ಗೊರಿಲ್ಲಾ ಎದುರಿಗೆ ಎದೆ ಬಡಿದುಕೊಳ್ಳುತ್ತಾ ನಿಂತಾಗ ಮಾಡಬೇಕಾದ ಕೆಲಸ ಅದು. ಅವರೂ ಸ್ವಯಂಸೇವಕರೇ.

ನಾನು ಇವತ್ತು ಮಾತಾಡಬೇಕೆಂದಿರುವುದು ಈ ‘ಸ್ವಯಂಸೇವಕ’ ಅನ್ನುವ ಪದದ ಬಗ್ಗೆಯೇ. ವನ್ಯಜೀವಿ ರಕ್ಷಣೆಯ ಸ್ವಯಂಸೇವಕ ಅಂದ ಕೂಡಲೇ ಕಣ್ಣಿಗೆ ಬರುವ ಚಿತ್ರ ಯಾವುದು? ಬೆನ್ನಿಗೊಂದು ದೊಡ್ಡ ಚೀಲ, ತಲೆಗೆ ಟೋಪಿ, ಶ್ರೀಮಂತ ದೇಶದಿಂದ ಮೂರು ವಾರಕ್ಕೆ ಬಂದ ಹುಡುಗನೋ ಹುಡುಗಿಯೋ. ಅವರೂ ಬೇಕು, ಆ ವಿಷಯಕ್ಕೆ ಬರುತ್ತೇನೆ. ಆದರೆ ಹೊಲದ ಅಂಚಿನಲ್ಲಿ ವರ್ಷದ ಅಷ್ಟೂ ರಾತ್ರಿ ನಿದ್ದೆಗೆಟ್ಟು ಆನೆ ಕಾಯುವವನನ್ನು ಯಾರೂ ಸ್ವಯಂಸೇವಕ ಅನ್ನುವುದಿಲ್ಲ. ಅವನನ್ನು ‘ಸ್ಥಳೀಯ’ ಅನ್ನುತ್ತಾರೆ, ‘ಫಲಾನುಭವಿ’ ಅನ್ನುತ್ತಾರೆ. ಕೆಲವು ವರದಿಗಳಲ್ಲಿ ಅವನೇ ‘ಸಮಸ್ಯೆ’.

ನಾನೂ ಒಮ್ಮೆ ಚೀಲ ಹೊತ್ತು ಹೋದವರ ಪೈಕಿಯೇ. ಬಡ ದ್ವೀಪದೇಶವೊಂದರಲ್ಲಿ ಕಡಲಾಮೆಗಳ ಮೊಟ್ಟೆ ಕಾಯುವ ಕೆಲಸ. ರಾತ್ರಿಯೆಲ್ಲ ಮರಳಿನ ಮೇಲೆ ನಡೆಯಬೇಕು. ನನ್ನ ಜೊತೆಗಿದ್ದವನು ಆ ಊರಿನವನೇ, ಹಿಂದೆ ಮೊಟ್ಟೆ ಕದ್ದು ಮಾರುತ್ತಿದ್ದವನು. ಎರಡನೇ ರಾತ್ರಿ ದೂರದಲ್ಲಿ ಏನೋ ಕಪ್ಪಗೆ ಅಲುಗಾಡಿತು. ನನಗೆ ತಡೆಯಲಾಗಲಿಲ್ಲ. ಹಣೆಗೆ ಕಟ್ಟಿದ ಟಾರ್ಚು ಒತ್ತಿಬಿಟ್ಟೆ. ಕೆಂಪು ಬೆಳಕಿನ ಗುಂಡಿ ಬೇರೆ, ಬಿಳಿಯದು ಬೇರೆ. ನಾನು ಒತ್ತಿದ್ದು ಬಿಳಿ. ಅಷ್ಟು ದೂರ ಮೈ ಎಳೆದುಕೊಂಡು ಬಂದಿದ್ದ ಆಮೆ ಅಲ್ಲೇ ತಿರುಗಿತು. ಮೊಟ್ಟೆ ಇಡದೆ ಸಮುದ್ರಕ್ಕೆ ಹೊರಟುಹೋಯಿತು.

ಅವನು ಬೈಯಲಿಲ್ಲ. ಆಮೆ ಬಂದು ಹೋದ ಜಾಡಿನ ಹತ್ತಿರ ಹೋದ. ಕಾಲಿನಿಂದ ಜಾಡಿಗೆ ಅಡ್ಡಲಾಗಿ ಮರಳಿನ ಮೇಲೆ ಒಂದು ಗೆರೆ ಎಳೆದ. ಬೆಳಗ್ಗೆ ಲೆಕ್ಕಕ್ಕೆ ಬರುವವರು ಅದೇ ಜಾಡನ್ನು ಎರಡನೇ ಸಲ ಎಣಿಸಬಾರದು, ಅದಕ್ಕೆ. ನನ್ನ ಕೈಲಿದ್ದ ಹಾಳೆಯಲ್ಲಿ ‘ಗೂಡಿಲ್ಲ’ ಅನ್ನುವ ಕಾಲಮ್ಮಿಗೆ ಬೆರಳಿಟ್ಟು ತೋರಿಸಿದ. ಬರೆದೆ. ಯಾಕೆ ಗೂಡಿಲ್ಲ ಅಂತ ಬರೆಯುವುದಕ್ಕೆ ಆ ಹಾಳೆಯಲ್ಲಿ ಜಾಗ ಇರಲಿಲ್ಲ. ಇದ್ದಿದ್ದರೂ ಬರೆಯುತ್ತಿದ್ದೆನೋ ಇಲ್ಲವೋ, ನಿಜ ಹೇಳಬೇಕೆಂದರೆ ಅನುಮಾನ.

ಹಾಗಂತ ಹೊರಗಿನವರು ಹೋಗುವುದೇ ದಂಡ ಅಂತ ನಾನು ಹೇಳುವುದಿಲ್ಲ. ಕೋಸ್ಟರಿಕಾದ ಟೋರ್ಟುಗೆರೊ ತೀರವನ್ನೇ ನೋಡಿ. ಆರ್ಚಿ ಕಾರ್ ಎಂಬ ಪ್ರಾಣಿಶಾಸ್ತ್ರಜ್ಞ 1950ರ ದಶಕದಲ್ಲಿ ಅಲ್ಲಿ ಹಸಿರು ಕಡಲಾಮೆಗಳಿಗೆ ಗುರುತಿನ ಬಿಲ್ಲೆ ಹಾಕಲು ಶುರು ಮಾಡಿದರು. ಅದು ಇನ್ನೂ ನಿಂತಿಲ್ಲ. ಪ್ರತಿ ವರ್ಷ ಬೇರೆ ಬೇರೆ ದೇಶಗಳಿಂದ ಜನ ಬರುತ್ತಾರೆ, ರಾತ್ರಿ ನಡೆಯುತ್ತಾರೆ, ಎಣಿಸುತ್ತಾರೆ, ಹೋಗುತ್ತಾರೆ. 1971ರಿಂದ 2003ರ ನಡುವೆ ಅಲ್ಲಿ ಗೂಡುಗಳ ಅಂದಾಜು ಶೇಕಡ 417ರಷ್ಟು ಏರಿತ್ತು. ಈಚೆಗೆ ಮತ್ತೆ ಇಳಿಯುತ್ತಿದೆ. ಏರಿದ್ದೂ ಗೊತ್ತಾದದ್ದು, ಇಳಿದದ್ದೂ ಗೊತ್ತಾದದ್ದು ಯಾರೋ ಬಿಡದೆ ಎಣಿಸಿದ್ದರಿಂದ. ಎಣಿಕೆ ಬೇಜಾರಿನ ಕೆಲಸ. ಅದಕ್ಕೆ ಹೊಸ ಕಣ್ಣು, ಹೊಸ ಕಾಲು ಬೇಕೇ ಬೇಕು. ಆದರೆ ಆ ತೀರದಲ್ಲಿ ರಾತ್ರಿ ಆಮೆ ನೋಡಲು ಹೋಗಬೇಕೆಂದರೆ ಊರಿನ ಪರವಾನಗಿ ಪಡೆದ ಗೈಡ್ ಜೊತೆಗೇ ಹೋಗಬೇಕು. ಮಾಂಸ, ಮೊಟ್ಟೆ ನಂಬಿದ್ದ ಊರಿಗೆ ಆಮೆ ಬದುಕಿದ್ದರೇ ಅನ್ನ ಅನ್ನುವ ಸ್ಥಿತಿ ಬಂತು. ಇದಿಲ್ಲದೆ ಎಣಿಕೆ ಒಂದೇ ಇದ್ದಿದ್ದರೆ, ಎಷ್ಟು ಸತ್ತವು ಅನ್ನುವುದಷ್ಟೇ ನಮಗೆ ಗೊತ್ತಿರುತ್ತಿತ್ತು.

ಈಗ ನಮೀಬಿಯಾಕ್ಕೆ ಬನ್ನಿ. ದೇಶದ ವಾಯವ್ಯ ಭಾಗ ಮರುಭೂಮಿ. ಅಲ್ಲಿಯ ಆನೆಗಳಿಗೆ ನೀರಿನ ವಾಸನೆ ಎಲ್ಲಿಂದಲೋ ಸಿಗುತ್ತದೆ. ರೈತನ ಗಾಳಿಯಂತ್ರ, ಸಿಮೆಂಟ್ ತೊಟ್ಟಿ, ಪೈಪು ಇರುವಲ್ಲಿಗೆ ಬರುತ್ತವೆ. ಕುಡಿದು ಹೋದರೆ ಪರವಾಗಿಲ್ಲ. ನೀರು ಕಡಿಮೆ ಬಂದರೆ ಪೈಪು ಕೀಳುತ್ತವೆ, ತೊಟ್ಟಿ ಒಡೆಯುತ್ತವೆ. ಒಂದು ತೊಟ್ಟಿ ಹೋಯಿತು ಅಂದರೆ ಆ ಕುಟುಂಬದ ಆಡುಗಳಿಗೆಲ್ಲ ನೀರಿಲ್ಲ. ‘ಎಲಿಫೆಂಟ್-ಹ್ಯೂಮನ್ ರಿಲೇಶನ್ಸ್ ಏಡ್’ ಎಂಬ ಅಲ್ಲಿನ ಸಂಸ್ಥೆ ಹೊರಗಿನಿಂದ ಬರುವ ಸ್ವಯಂಸೇವಕರಿಂದ ಮುಖ್ಯವಾಗಿ ಮಾಡಿಸುವ ಕೆಲಸ ಗೋಡೆ ಕಟ್ಟುವುದು. ಗುಡ್ಡದಿಂದ ಕಲ್ಲು ಆಯ್ದು ತಂದು, ತೊಟ್ಟಿ ಮತ್ತು ಗಾಳಿಯಂತ್ರದ ಸುತ್ತ ದಪ್ಪನೆಯ ಕಲ್ಲುಗೋಡೆ. ಒಂದು ವಾರ ಕಲ್ಲು ಹೊರುವುದು, ಇನ್ನೊಂದು ವಾರ ಆನೆಗಳ ಜಾಡು ಹಿಡಿದು ಹೋಗಿ ಯಾವ ಹಿಂಡು ಎಲ್ಲಿದೆ ಅಂತ ಬರೆದಿಡುವುದು.

ನನಗೆ ಇದು ತುಂಬಾ ಹಿಡಿಸಿತು. ಕಲ್ಲು ಹೊರಲು ಭಾಷೆ ಬೇಕಿಲ್ಲ, ಊರಿನ ಒಳಗುಟ್ಟು ಗೊತ್ತಿರಬೇಕಿಲ್ಲ. ಬಂದವರು ಹೋದ ಮೇಲೂ ಗೋಡೆ ನಿಲ್ಲುತ್ತದೆ. ಆನೆಯನ್ನು ಪ್ರೀತಿಸಿ ಅಂತ ರೈತನಿಗೆ ಯಾರೂ ಭಾಷಣ ಮಾಡುವುದಿಲ್ಲ. ಅವನ ತೊಟ್ಟಿ ಉಳಿಯಿತು, ಕೋವಿ ಮೂಲೆ ಸೇರಿತು. ನೀವು ಕೇಳಬಹುದು: ಈ ಸ್ವಯಂಸೇವಕರು ಖರ್ಚು ಮಾಡುವ ದುಡ್ಡಿನಲ್ಲಿ ಊರಿನವರಿಗೇ ಕೂಲಿ ಕೊಟ್ಟು ಗೋಡೆ ಕಟ್ಟಿಸಬಹುದಿತ್ತಲ್ಲ? ಕಟ್ಟಿಸಬಹುದಿತ್ತು. ಆದರೆ ಆ ದುಡ್ಡು ಬರುವುದೇ ಮನುಷ್ಯನ ಜೊತೆಗೆ. ಸಿಮೆಂಟಿನ ದುಡ್ಡು ಕಳಿಸಿ ಅಂದರೆ ಜೇಬಿಗೆ ಕೈ ಹಾಕದವರು, ಬಂದು ಕಲ್ಲು ಹೊರಿ ಅಂದರೆ ಟಿಕೆಟ್ ತೆಗೆಸುತ್ತಾರೆ. ವಿಚಿತ್ರ, ಆದರೆ ಹಾಗೇ ಇದೆ. ಶಾಲೆಗೆ ಬಣ್ಣ ಬಳಿಯುವ ಕಾರ್ಯಕ್ರಮಗಳ ಬಗ್ಗೆ ಮಾತ್ರ ನನಗೆ ಈ ಉದಾರತೆ ಇಲ್ಲ. ಊರಿನಲ್ಲಿ ಪೇಂಟರ್ ಕೆಲಸವಿಲ್ಲದೆ ಕೂತಿರುತ್ತಾನೆ. ಅವನ ಕಣ್ಣೆದುರೇ, ಕುಂಚ ಹಿಡಿಯಲು ಬಾರದವರು ಅವನ ಕೂಲಿ ಬಳಿದು ಹೋಗುತ್ತಾರೆ.

ಅದೇ ನಮೀಬಿಯಾದಲ್ಲಿ ಇನ್ನೂ ಹಳೆಯ ಒಂದು ಕತೆಯಿದೆ. 1980ರ ದಶಕದ ಶುರುವಿನಲ್ಲಿ ಭೀಕರ ಬರ, ಜೊತೆಗೆ ಕಳ್ಳಬೇಟೆ. ವನ್ಯಜೀವಿ ರಕ್ಷಣೆಗೆ ದುಡಿಯುತ್ತಿದ್ದ ಗಾರ್ತ್ ಓವೆನ್-ಸ್ಮಿತ್ ಮತ್ತು ಅವರ ಜೊತೆಗಾರರು ಬೇಟೆ ತಡೆಯಲು ಹೊರಗಿನಿಂದ ಪಡೆ ತರಲಿಲ್ಲ. ಊರ ಯಜಮಾನರ ಜೊತೆ ಕೂತು ಮಾತಾಡಿದರು. ಯಜಮಾನರೇ ತಮ್ಮ ಜನರಲ್ಲಿ ಕಾಡುಪ್ರಾಣಿ ಗೊತ್ತಿದ್ದವರನ್ನು ಆರಿಸಿ ಕಾವಲಿಗೆ ಹಾಕಿದರು. ಅವರಿಗೆ ರೇಷನ್ನು, ಕೈಗೊಂದಿಷ್ಟು ಕಾಸು. ಅವರು ಉತ್ತರ ಹೇಳಬೇಕಾದದ್ದು ಯಜಮಾನನಿಗೆ, ದೂರದ ಆಫೀಸಿಗಲ್ಲ. ಸ್ವಾತಂತ್ರ್ಯ ಬಂದ ಮೇಲೆ, 1996ರಲ್ಲಿ ಕಾನೂನೇ ಬದಲಾಯಿತು. ಊರಿನವರು ಗಡಿ ಗುರುತಿಸಿ, ಸದಸ್ಯರ ಪಟ್ಟಿ ಮಾಡಿ, ಸಮಿತಿ ಆರಿಸಿದರೆ ಪ್ರಾಣಿಗಳಿಂದ ಬರುವ ಆದಾಯ ಅವರದೇ. 1998ರಲ್ಲಿ ಇಂಥ ಮೊದಲ ನಾಲ್ಕು ‘ಕನ್ಸರ್ವೆನ್ಸಿ’ಗಳು ಆದವು. ಈಗ 86 ಇವೆ, ದೇಶದ ನೆಲದಲ್ಲಿ ಸುಮಾರು ಐದನೇ ಒಂದು ಪಾಲು. ಆ ಆದಾಯದಲ್ಲಿ ಬೇಟೆಯ ಪರವಾನಗಿಯ ದುಡ್ಡೂ ಇದೆ. ಅದು ಸರಿಯೋ ತಪ್ಪೋ ಅಂತ ದೂರದ ಊರುಗಳಲ್ಲಿ ದೊಡ್ಡ ಜಗಳ ನಡೆಯುತ್ತದೆ. ರಾತ್ರಿ ಸಿಂಹ ಬಂದು ಆಡು ಹೊತ್ತುಕೊಂಡು ಹೋಗುವುದು ಆ ಊರುಗಳಲ್ಲಲ್ಲ.

ಸಿಂಹ ಅಂದಾಗ ಒಂದು ಕಹಿ ವಿಷಯ ಹೇಳಲೇಬೇಕು. ದಕ್ಷಿಣ ಆಫ್ರಿಕಾದಲ್ಲಿ ಸಿಂಹಗಳನ್ನು ಬೇಲಿಯೊಳಗೆ ಸಾಕುವ ಜಮೀನುಗಳು ಬಹಳ ಇವೆ. ಅವುಗಳಲ್ಲಿ ಹಲವು ಸ್ವಯಂಸೇವಕರನ್ನು ಕರೆಯುತ್ತಿದ್ದವು. ‘ತಬ್ಬಲಿ ಮರಿಗಳಿವೆ, ಬಂದು ಬಾಟಲಿಯಲ್ಲಿ ಹಾಲು ಕುಡಿಸಿ’ ಅಂತ. ಹುಡುಗರು ಸಾಲ ಮಾಡಿ ದುಡ್ಡು ಕಟ್ಟಿ ಬಂದರು. ಮರಿ ತಬ್ಬಲಿ ಆಗಿರಲಿಲ್ಲ. ಹುಟ್ಟಿದ ಕೆಲವೇ ದಿನಕ್ಕೆ ತಾಯಿಯಿಂದ ಕಿತ್ತು ತಂದದ್ದು. ಮರಿ ಹೋದ ಸಿಂಹಿಣಿ ಬೇಗ ಮತ್ತೆ ಬೆದೆಗೆ ಬರುತ್ತದೆ, ವ್ಯಾಪಾರಕ್ಕೆ ಅದೇ ಬೇಕು. ಮನುಷ್ಯರ ಮಡಿಲಲ್ಲಿ ಬೆಳೆದ ಸಿಂಹವನ್ನು ಕಾಡಿಗೆ ಬಿಡಲಾಗುವುದಿಲ್ಲ. ದೊಡ್ಡದಾದ ಮೇಲೆ ಹಲವು ಸಿಂಹಗಳು ಹೋದದ್ದು ಬೇಲಿಯೊಳಗಿನ ಬೇಟೆಗೆ, ಇಲ್ಲವೇ ಮೂಳೆ ವ್ಯಾಪಾರಕ್ಕೆ. 2021ರಲ್ಲಿ ಅಲ್ಲಿನ ಸರ್ಕಾರ ಈ ದಂಧೆಯನ್ನು ನಿಲ್ಲಿಸುವ ಉದ್ದೇಶ ಪ್ರಕಟಿಸಿತು. ಹಾಲು ಕುಡಿಸಿದ ಹುಡುಗಿಯರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಈ ದಂಧೆ ನಡೆದದ್ದೇ ಅವರ ಒಳ್ಳೆಯತನದ ಮೇಲೆ. ನೆನೆಸಿಕೊಂಡರೆ ಹೊಟ್ಟೆ ತೊಳಸುತ್ತದೆ.

ಬೇಡ, ಸಮುದ್ರಕ್ಕೆ ಹೋಗೋಣ. ನನಗೆ ಬಹಳ ಇಷ್ಟವಾದ ಕತೆ ಮಡಗಾಸ್ಕರಿನ ನೈಋತ್ಯ ಕರಾವಳಿಯದು. ಅಂಡವಾಡೋಕಾ ಅನ್ನುವ ಹಳ್ಳಿ. ವೆಜೊ ಎಂಬ ಮೀನುಗಾರ ಜನ. ಮರಳು, ಬಿಸಿಲು, ಸಮುದ್ರ ಬಿಟ್ಟರೆ ಇನ್ನೇನೂ ಇಲ್ಲ. 2003ರ ಹೊತ್ತಿಗೆ ಬ್ರಿಟನ್ನಿನ ಅಲಾಸ್ಡೇರ್ ಹ್ಯಾರಿಸ್ ಮತ್ತವರ ಗೆಳೆಯರು ‘ಬ್ಲೂ ವೆಂಚರ್ಸ್’ ಅನ್ನುವ ಸಂಸ್ಥೆ ಮಾಡಿಕೊಂಡು ಅಲ್ಲಿಗೆ ಬಂದರು. ಅವರ ಆಸೆ ಹವಳದ ದಿಬ್ಬಗಳನ್ನು ಉಳಿಸುವುದು. ಖರ್ಚಿಗೆ ಅವರು ಕಂಡುಕೊಂಡ ದಾರಿ ದುಡ್ಡು ಕೊಟ್ಟು ಬರುವ ಸ್ವಯಂಸೇವಕರು. ಬಂದವರು ನೀರಿಗಿಳಿಯುವ ಮೊದಲು ಮೀನುಗಳ ಹೆಸರು, ಹವಳಗಳ ಹೆಸರು ಬಾಯಿಪಾಠ ಮಾಡಿ ಪರೀಕ್ಷೆ ಕೊಡಬೇಕಿತ್ತು. ಪಾಸಾದರೆ ಮಾತ್ರ ಅವರ ಎಣಿಕೆ ಲೆಕ್ಕಕ್ಕೆ.

ಆದರೆ ಹಳ್ಳಿಯವರ ತಲೆನೋವು ಹವಳ ಅಲ್ಲ. ಆಕ್ಟೋಪಸ್. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ದೊಡ್ಡ ಇಳಿತ ಬಂದಾಗ ದಿಬ್ಬದ ನೆತ್ತಿ ನೀರಿನಿಂದ ಹೊರಗೆ ಬರುತ್ತದೆ. ಆಗ ಹೆಂಗಸರು, ಮಕ್ಕಳು ಉದ್ದನೆಯ ಕೋಲು ಹಿಡಿದು ಮೊಣಕಾಲುದ್ದ ನೀರಲ್ಲಿ ಹೊರಡುತ್ತಾರೆ. ಬಂಡೆಯ ಬಿಲ ನೋಡುತ್ತಾರೆ, ಕೋಲು ತೂರಿಸುತ್ತಾರೆ, ಒಳಗಿದ್ದದ್ದನ್ನು ಎಳೆದು ತೆಗೆಯುತ್ತಾರೆ. ಕಂಪನಿಯವರು ಬಂದು ಕೊಂಡು ರಫ್ತು ಮಾಡುತ್ತಾರೆ. ಖರೀದಿ ಜಾಸ್ತಿಯಾದಂತೆ ಸಿಗುವ ಆಕ್ಟೋಪಸ್ ಸಣ್ಣದಾಗುತ್ತಾ ಬಂತು.

ಈ ಪ್ರಾಣಿಯ ಗುಣ ಏನಪ್ಪಾ ಅಂದರೆ, ವರ್ಷದ ಮೇಲೆ ಸ್ವಲ್ಪ ಕಾಲ ಬದುಕುತ್ತದೆ, ಅಷ್ಟರಲ್ಲೇ ದಿಢೀರ್ ಅಂತ ಬೆಳೆಯುತ್ತದೆ. ಇವತ್ತು ಸಣ್ಣದು ಅಂತ ಬಿಟ್ಟರೆ ಕೆಲವೇ ತಿಂಗಳಲ್ಲಿ ದಪ್ಪಗಾಗಿರುತ್ತದೆ. ಹಳ್ಳಿಯವರು ಕೂತು ಮಾತಾಡಿ, 2004ರ ನವೆಂಬರಿನಲ್ಲಿ ಒಂದು ದಿಬ್ಬವನ್ನು ಏಳು ತಿಂಗಳು ಮುಚ್ಚಿದರು. ಮಿಕ್ಕ ದಿಬ್ಬಗಳು ತೆರೆದೇ ಇದ್ದವು, ಹಾಗಾಗಿ ಯಾರ ಒಲೆಯೂ ಆರಲಿಲ್ಲ. ಮುಂದಿನ ಜೂನಿನಲ್ಲಿ ತೆರೆದಾಗ ದಪ್ಪ ದಪ್ಪ ಆಕ್ಟೋಪಸ್. ಸುದ್ದಿ ಹಬ್ಬಿತು. ಸುತ್ತಲಿನ ಊರುಗಳ ಜನರೂ ಮುಗಿಬಿದ್ದು ಕೆಲವೇ ದಿನಗಳಲ್ಲಿ ಬಳಿದುಕೊಂಡು ಹೋದರು. ಕಾದವರು ಒಬ್ಬರು, ತಿಂದವರು ಇನ್ನೊಬ್ಬರು.

ಇಲ್ಲಿ ಕತೆ ಮುಗಿಯಬಹುದಿತ್ತು. ಮುಗಿಯಲಿಲ್ಲ. ಯಾಕೆಂದರೆ ಬಳಿದುಕೊಂಡು ಹೋದವರೂ ದಪ್ಪ ಆಕ್ಟೋಪಸ್ ನೋಡಿದ್ದರು. ನಮ್ಮ ದಿಬ್ಬಕ್ಕೂ ಹೀಗೆ ಮಾಡಬಹುದಲ್ಲ ಅನ್ನಿಸಿತು. 2006ರಲ್ಲಿ ಸುತ್ತಲಿನ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡವು. ಹೆಸರು ವೆಲೊಂಡ್ರಿಯಾಕೆ. ಅವರ ಮಾತಿನಲ್ಲಿ ‘ಸಮುದ್ರದ ಜೊತೆ ಬಾಳುವುದು’ ಅಂತ. ಯಾವ ದಿಬ್ಬ ಯಾವಾಗ ಮುಚ್ಚಬೇಕು, ಕದ್ದು ಹಿಡಿದವನಿಗೆ ಎಷ್ಟು ದಂಡ ಅನ್ನುವುದನ್ನೆಲ್ಲ ‘ದೀನಾ’ ಅನ್ನುವ ಊರ ಕಟ್ಟಳೆಯಲ್ಲಿ ಅವರೇ ಬರೆದುಕೊಂಡರು. ಎಂಟು ವರ್ಷಗಳ 36 ಮುಚ್ಚುಗಡೆಗಳನ್ನು ಆಮೇಲೆ ಅಧ್ಯಯನ ಮಾಡಿದರು. ದಿಬ್ಬ ತೆರೆದ ನಂತರದ 30 ದಿನಗಳಲ್ಲಿ ಆಕ್ಟೋಪಸ್ಸಿನ ಆದಾಯ ಅದಕ್ಕೆ ಮುಂಚಿನ 30 ದಿನಗಳ ದುಪ್ಪಟ್ಟಾಗಿತ್ತು. ಆಮೇಲೆಯೇ ಅವರು ಕೆಲವು ಹವಳದ ದಿಬ್ಬಗಳನ್ನು ಕಾಯಮ್ಮಾಗಿ ಮುಚ್ಚಲು ಒಪ್ಪಿದ್ದು. ಹೊರಗಿನವರು ಬಂದದ್ದು ಹವಳಕ್ಕೆ, ಹವಳ ಸಿಕ್ಕಿದ್ದು ಆಕ್ಟೋಪಸ್ಸಿನ ಬೆನ್ನ ಮೇಲೆ ಕೂತು.

ಇನ್ನೊಂದು ತುಣುಕು. ಊರಿನ ಹೆಂಗಸರು ಕೇಳಿದ್ದು ಮೀನಿನ ಬಗ್ಗೆ ಅಲ್ಲ, ಹೆರಿಗೆಯ ಬಗ್ಗೆ. ಹತ್ತಿರದಲ್ಲಿ ಆಸ್ಪತ್ರೆ ಇರಲಿಲ್ಲ. ಮೇಲಿಂದ ಮೇಲೆ ಬಸುರು. 2007ರಲ್ಲಿ ಅದೇ ಕಡಲ ಸಂಸ್ಥೆ ಕುಟುಂಬ ಯೋಜನೆಯ ಒಂದು ಸಣ್ಣ ಕ್ಲಿನಿಕ್ ತೆರೆಯಿತು. ಆಮೇಲೆ ಊರೂರಿನ ಹೆಂಗಸರೇ ತರಬೇತಿ ಪಡೆದು ಮಾತ್ರೆ, ಸಲಹೆ ಕೊಡತೊಡಗಿದರು. ಹವಳ ಎಣಿಸಲು ಬಂದವರಿಗೂ ಹೆರಿಗೆಗೂ ಏನು ಸಂಬಂಧ ಅಂತ ಆಗ ಹುಬ್ಬೇರಿಸಿದವರು ಇದ್ದಿರಬೇಕು. ಬೆರ್ಚಪ್ಪನ ಅಂಗಿಗೂ ಗೊರಿಲ್ಲಾಕ್ಕೂ ಏನು ಸಂಬಂಧವೋ ಅದೇ.

ನೇಪಾಳದ ಬಗ್ಗೆ ಬಹಳ ಹೇಳಬೇಕೆಂದಿದ್ದೆ, ಸಮಯ ಸಾಲದು. 1996ರ ನಿಯಮದ ಪ್ರಕಾರ ರಾಷ್ಟ್ರೀಯ ಉದ್ಯಾನಗಳ ಆದಾಯದಲ್ಲಿ ಶೇಕಡ 30ರಿಂದ 50ರವರೆಗೆ ಸುತ್ತಲಿನ ಹಳ್ಳಿಗಳಿಗೆ ಹೋಗುತ್ತದೆ. ಕಳ್ಳಬೇಟೆ ತಡೆಯಲು ಊರ ಯುವಕರ ತಂಡಗಳು ಗಸ್ತು ತಿರುಗುತ್ತವೆ. 2010ರಲ್ಲಿ 121 ಇದ್ದ ಹುಲಿಗಳು 2022ರಲ್ಲಿ 355 ಆದವು. ಜಗತ್ತೇ ಚಪ್ಪಾಳೆ ತಟ್ಟಿತು. ಕಾಡಂಚಿನಲ್ಲಿ ಹುಲ್ಲು, ಸೌದೆಗೆ ಹೋದವರನ್ನು ಹುಲಿ ಕೊಂದ ಸುದ್ದಿಗಳೂ ಅದೇ ಹೊತ್ತಿಗೆ ಹೆಚ್ಚಿದವು. ಚಪ್ಪಾಳೆಯ ಸದ್ದಿನಲ್ಲಿ ಅದು ಕೇಳಿಸಲಿಲ್ಲ.

ಮತ್ತೆ ಬ್ವಿಂಡಿಗೆ ಬರುತ್ತೇನೆ. ಆಗ ಹೇಳದೆ ಬಿಟ್ಟ ಒಂದು ಮಾತಿದೆ. ಆ ಕಾಡು 1991ರಲ್ಲಿ ರಾಷ್ಟ್ರೀಯ ಉದ್ಯಾನವಾದಾಗ ಅಲ್ಲಿ ತಲೆತಲಾಂತರದಿಂದ ಇದ್ದ ಬಟ್ವಾ ಜನರನ್ನು ಹೊರಗೆ ಹಾಕಿದರು. ಜೇನು, ಗೆಡ್ಡೆ, ಬೇಟೆ ನಂಬಿ ಬದುಕಿದ್ದವರು. ಹೊರಗೆ ಅವರಿಗೆ ಭೂಮಿ ಇರಲಿಲ್ಲ. ನೋಡಿ, ಗೊರಿಲ್ಲಾಗಳು ಹೆಚ್ಚಾದದ್ದು ಸಂತೋಷದ ವಿಷಯವೇ. ಆದರೆ ಆ ಸಂತೋಷದ ಬಿಲ್ಲನ್ನು ಯಾರು ಕಟ್ಟಿದರು ಅಂತ ಕೇಳದೆ ಇರಲಾಗುವುದಿಲ್ಲ.

2020ರ ಮಾರ್ಚಿನಲ್ಲಿ ಕೊರೊನಾದಿಂದ ಎಲ್ಲ ಬಾಗಿಲು ಮುಚ್ಚಿತು. ವಿಮಾನ ನಿಂತಿತು. ಪ್ರವಾಸಿಗರಿಲ್ಲ, ಹೊರದೇಶದ ಸ್ವಯಂಸೇವಕರಿಲ್ಲ. ಗೊರಿಲ್ಲಾ ತೋರಿಸಿ, ಚೀಲ ಹೊತ್ತು, ಊಟ ಹಾಕಿ ಬದುಕುತ್ತಿದ್ದ ಊರುಗಳು ಒಂದೇ ವಾರದಲ್ಲಿ ಬರಿಗೈ. ಜೂನ್ ಶುರುವಿನಲ್ಲಿ ಬ್ವಿಂಡಿಯ ರಫಿಕಿ ಎಂಬ ಗಂಡು ಗೊರಿಲ್ಲಾ ಈಟಿಯ ಇರಿತದಿಂದ ಸತ್ತು ಬಿದ್ದಿತ್ತು. ಹಿಡಿದವರಲ್ಲಿ ಒಬ್ಬ ಹಳ್ಳಿಗ ತಪ್ಪೊಪ್ಪಿಕೊಂಡ. ಸಣ್ಣ ಪ್ರಾಣಿಗಳ ಬೇಟೆಗೆ ಹೋಗಿದ್ದೆ, ಗೊರಿಲ್ಲಾ ಮೈಮೇಲೆ ಬಂತು ಅಂದ. ಅವನಿಗೆ 11 ವರ್ಷ ಜೈಲಾಯಿತು. ಅವನದು ತಪ್ಪೇ. ಆದರೆ ವಿಮಾನ ಹಾರಿದರೆ ಮಾತ್ರ ಊರಿಗೆ ಊಟ ಅನ್ನುವ ವ್ಯವಸ್ಥೆ ಕಟ್ಟಿದ್ದು ಅವನೊಬ್ಬನೇ ಅಲ್ಲವಲ್ಲ.

ಅದೇ ತಿಂಗಳುಗಳಲ್ಲಿ ನಾನು ಮೊದಲು ಹೇಳಿದ ಆರೋಗ್ಯದ ತಂಡದವರು ಮನೆಮನೆಗೆ ಹೋಗುವುದನ್ನು ನಿಲ್ಲಿಸಲಿಲ್ಲ. ಈಗ ಅವರ ಮಾತಿಗೆ ಹೊಸದಾಗಿ ಮಾಸ್ಕು ಸೇರಿಕೊಂಡಿತ್ತು. ಮನುಷ್ಯನ ಕೆಮ್ಮು ಗೊರಿಲ್ಲಾಕ್ಕೂ ಹತ್ತುತ್ತದೆ. ಅವರು ಎಲ್ಲಿಗೂ ಹೋಗಬೇಕಿರಲಿಲ್ಲ, ಎಲ್ಲಿಂದಲೂ ಬರಬೇಕಿರಲಿಲ್ಲ.

ನನ್ನ ಮಾತು ಇಷ್ಟು. ಏನಾದರೂ ಕೇಳುವುದಿದ್ದರೆ ಕೇಳಿ.

ಒಬ್ಬ ತಾಯಿ: ನನ್ನ ಮಗಳು ಹೀಗೇ ಮೂರು ವಾರ ಹೋಗುತ್ತೇನೆ ಅಂತಾಳೆ. ನಾವೇ ದುಡ್ಡು ಕಟ್ಟಬೇಕಂತೆ. ಕಳಿಸಲಾ, ಬೇಡವಾ?

ಕಳಿಸಿ ತಾಯಿ, ಆದರೆ ದುಡ್ಡು ಕಟ್ಟುವ ಮೊದಲು ಒಂದು ಕಾಗದ ಬರೆಸಿ. ನಾನು ಬರುವ ಮೊದಲು ಈ ಕೆಲಸ ಯಾರು ಮಾಡುತ್ತಿದ್ದರು, ನಾನು ಹೋದ ಮೇಲೆ ಯಾರು ಮಾಡುತ್ತಾರೆ ಅಂತ ಕೇಳಲಿ. ಕಟ್ಟಿದ ದುಡ್ಡಲ್ಲಿ ಎಷ್ಟು ಆ ಊರಿನಲ್ಲಿ ಉಳಿಯುತ್ತದೆ ಅಂತಲೂ ಕೇಳಲಿ. ನೇರವಾಗಿ ಉತ್ತರ ಬಂದರೆ ಒಳ್ಳೆಯದು. ಬಣ್ಣಬಣ್ಣದ ಫೋಟೋ ಬಂದರೆ ಅನುಮಾನಿಸಿ. ಮರಿಯನ್ನು ಎತ್ತಿಕೊಳ್ಳಬಹುದು, ಮುದ್ದಾಡಬಹುದು ಅಂತ ಬರೆದಿದ್ದರೆ ಅಲ್ಲಿಗೇ ಬಿಡಿ. ಇನ್ನೊಂದು, ಅವಳು ಮಕ್ಕಳಿಗೆ ಪಾಠ ಹೇಳಲು ಹೋಗುತ್ತಾಳೋ, ಪ್ರಾಣಿ ಎಣಿಸಲೋ? ಮೂರು ವಾರಕ್ಕೊಬ್ಬ ಟೀಚರ್ ಬದಲಾದರೆ ನಿಮ್ಮ ಮಗಳ ಶಾಲೆಯಲ್ಲಿ ನೀವು ಒಪ್ಪುತ್ತಿದ್ದಿರಾ? ಎಣಿಸಲು, ಕಲ್ಲು ಹೊರಲು ಆದರೆ ಧೈರ್ಯವಾಗಿ ಹೋಗಲಿ. ಬಿಳಿ ಟಾರ್ಚು ಮನೆಯಲ್ಲೇ ಇಟ್ಟು ಹೋಗಲಿ.

ಹಿಂದಿನ ಸಾಲಿನಿಂದ ಒಬ್ಬ ಹುಡುಗ: ಅಷ್ಟು ದೂರ ಹೋಗೋಕೆ ನನ್ನ ಹತ್ತಿರ ದುಡ್ಡಿಲ್ಲ ಸಾರ್. ನನ್ನಂಥವರಿಗೆ ಏನೂ ಇಲ್ವಾ?

ಇದೆಯಪ್ಪಾ. ಟಾಂಜಾನಿಯಾದ ಸೆರೆಂಗೆಟಿಯಲ್ಲಿ ಮರಗಳಿಗೆ 225 ಕ್ಯಾಮೆರಾ ಕಟ್ಟಿದ್ದರು. ಎದುರಿಗೆ ಏನಾದರೂ ಅಲುಗಾಡಿದರೆ ತಾನೇ ಫೋಟೋ ತೆಗೆಯುವಂಥವು. ಲಕ್ಷಗಟ್ಟಲೆ ಚಿತ್ರ ಬಂತು, ನೋಡಲು ವಿಜ್ಞಾನಿಗಳಿಗೆ ಕಣ್ಣು ಸಾಲಲಿಲ್ಲ. 2012ರಲ್ಲಿ ಅವನ್ನು ಇಂಟರ್ನೆಟ್ಟಿಗೆ ಹಾಕಿ, ಯಾವ ಪ್ರಾಣಿ ಅಂತ ನೀವೇ ಹೇಳಿ ಅಂದರು. 28 ಸಾವಿರಕ್ಕೂ ಹೆಚ್ಚು ಜನ ಮನೆಯಲ್ಲೇ ಕೂತು ಹೇಳಿದರು. ಒಂದೇ ಚಿತ್ರವನ್ನು ಹಲವರಿಗೆ ತೋರಿಸಿ ಬಹುಮತ ತೆಗೆದುಕೊಂಡರು. ತಜ್ಞರ ಉತ್ತರದ ಜೊತೆ ತಾಳೆ ನೋಡಿದಾಗ ನೂರಕ್ಕೆ 96ಕ್ಕಿಂತ ಜಾಸ್ತಿ ಸರಿ ಇತ್ತು. ಇಂಥ ಕೆಲಸಗಳು ಈಗ ಬೇಕಾದಷ್ಟಿವೆ. ಮೊಬೈಲ್ ಇದ್ದರೆ ಸಾಕು.

ಒಂದು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಸಿಂಹ, ಚಿರತೆ ಅಂತ ಆಸೆಯಿಂದ ಕೂರಬೇಡ. ನಾಲ್ಕರಲ್ಲಿ ಸುಮಾರು ಮೂರು ಚಿತ್ರಗಳಲ್ಲಿ ಪ್ರಾಣಿಯೇ ಇರುವುದಿಲ್ಲ. ಬಿಸಿಲಿಗೆ, ಗಾಳಿಗೆ ಕ್ಯಾಮೆರಾ ಮೋಸ ಹೋಗಿರುತ್ತದೆ. ನಾನು ಕೂತ ಮೊದಲ ಸಂಜೆ ಒಂದು ಗಂಟೆ ನೋಡಿದೆ. ಬರೀ ಹುಲ್ಲು. ಎಲ್ಲೋ ಒಂದರಲ್ಲಿ, ಮೂಲೆಯಲ್ಲಿ, ಯಾವುದೋ ಪ್ರಾಣಿಯ ಒಂದು ಕಿವಿ ಇತ್ತು. ಯಾವುದರ ಕಿವಿ ಅಂತ ಅರ್ಧ ಗಂಟೆ ತಲೆ ಕೆಡಿಸಿಕೊಂಡು, ಕೊನೆಗೆ ವೈಲ್ಡ್‌ಬೀಸ್ಟ್ ಅಂತ ಒತ್ತಿದೆ.